ಪೇಟೆ ಉಳಿಯದೆ ಜಿಲ್ಲೆ ಬೆಳೆಯದು

ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2024ರ ಜುಲೈನಲ್ಲಿ ತೀರ್ಮಾನಿಸಿ, 2025ರ ಮೇ ತಿಂಗಳಲ್ಲಿ ಆ ತೀರ್ಮಾನವನ್ನು ಸಚಿವ ಸಂಪುಟದಲ್ಲಿ ಮತ್ತೆ ಗಟ್ಟಿಗೊಳಿಸಿದ ರಾಜ್ಯ ಸರ್ಕಾರವು, ಅದೇ ವರ್ಷ ಬಿಡದಿ ಭಾಗದ ಒಂಬತ್ತು ಗ್ರಾಮಗಳ ಸುಮಾರು 9,000 ಎಕರೆಯಲ್ಲಿ ಸಮಗ್ರ ಉಪನಗರ ಕಟ್ಟುವ ಯೋಜನೆಯನ್ನೂ ಮುಂದಿಟ್ಟಿತು. ಬೆಂಗಳೂರಿಗೆ ಅಂಟಿಕೊಂಡರೆ ಜಿಲ್ಲೆ ತಾನಾಗಿಯೇ ಉದ್ಧಾರವಾಗುತ್ತದೆ ಎಂಬ ನಂಬಿಕೆಯೇ ಈ ಎರಡೂ ಕ್ರಮಗಳ ತಳಹದಿ. ರೇಷ್ಮೆ ನಗರಿ ರಾಮನಗರ ಮತ್ತು ಬೊಂಬೆ ನಗರಿ ಚನ್ನಪಟ್ಟಣದ ಹಳೆಯ ಪೇಟೆಗಳು ಸೊರಗುತ್ತಿರುವಾಗ ಇಂತಹ ನಂಬಿಕೆಯ ಮೇಲೆ ಸಾರ್ವಜನಿಕ ಹಣ ಹೂಡುವುದು ದುಡುಕಿನ ಕೆಲಸ.

ಈ ನಂಬಿಕೆಯನ್ನು ಇತಿಹಾಸ ಈಗಾಗಲೇ ಒರೆಗೆ ಹಚ್ಚಿ ನೋಡಿದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, ಅದಕ್ಕೂ ಮೊದಲು ಅವಿಭಜಿತ ಬೆಂಗಳೂರು ಜಿಲ್ಲೆಯಲ್ಲಿ ಇದ್ದವು. ದಶಕಗಳ ಕಾಲ ಬೆಂಗಳೂರಿನ ಹೆಸರನ್ನು ಹೊತ್ತರೂ ಈ ನಾಲ್ಕು ಊರುಗಳ ಚರಂಡಿ, ಸಂತೆ, ಬಸ್ ನಿಲ್ದಾಣಗಳಿಗೆ ರಾಜಧಾನಿಯ ಭಾಗ್ಯವೇನೂ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಬಿಡದಿಗೆ ಟೊಯೊಟಾ ಕಾರ್ಖಾನೆ ಬಂದದ್ದು ನಿಜವಾದರೂ, ಹೆದ್ದಾರಿಯ ಪಕ್ಕದ ವಿಸ್ತಾರವಾದ ಜಾಗಕ್ಕಾಗಿ ಬರುವ ದೊಡ್ಡ ಕೈಗಾರಿಕೆಯು ಹತ್ತಿರದ ಹಳೆಯ ಪೇಟೆಯನ್ನು ತಾನಾಗಿ ಎತ್ತಿ ನಿಲ್ಲಿಸುವುದಿಲ್ಲ ಎಂಬುದಕ್ಕೂ ಬಿಡದಿಯೇ ಸಾಕ್ಷಿ.

ರಾಮನಗರದ ಜೀವಾಳ ಇರುವುದು ಅದರ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ರೈತರು ತಂದ ಗೂಡನ್ನು ಲಾಟುಗಳಾಗಿ ಹರಡಿದ ಮೇಲೆ, ಗೂಡಿನಿಂದ ನೂಲು ಬಿಚ್ಚುವ ಘಟಕಗಳ ಮಾಲೀಕರಾದ ರೀಲರ್‌ಗಳು ಹಿಡಿಯಷ್ಟು ಗೂಡನ್ನು ಎತ್ತಿ, ಅದುಮಿ, ಕಿವಿಯ ಬಳಿ ಅಲ್ಲಾಡಿಸಿ ಗುಣ ತಿಳಿದುಕೊಂಡು ಇ-ಹರಾಜಿನಲ್ಲಿ ಬೆಲೆ ನಮೂದಿಸುತ್ತಾರೆ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ತುಂಡಾಗಿ ನೂಲು ಬಿಚ್ಚಲು ಬಾರದೆ ಹೋಗುವುದರಿಂದ, ಕೊಂಡ ಗೂಡನ್ನು ಕೆಲವೇ ದಿನಗಳಲ್ಲಿ ಒಣಗಿಸಬೇಕು ಇಲ್ಲವೇ ಬೇಯಿಸಬೇಕು. ಹೆಚ್ಚು ದಾಸ್ತಾನು ಇಟ್ಟುಕೊಳ್ಳುವ ಬಂಡವಾಳವಿಲ್ಲದ ಸಣ್ಣ ರೀಲರ್ ದಿನದಿನದ ಖರೀದಿಯನ್ನೇ ನೆಚ್ಚಿಕೊಂಡಿರುವುದರಿಂದ ಮಾರುಕಟ್ಟೆ ಮತ್ತು ಘಟಕಗಳು ಒಂದೇ ಊರಿನಲ್ಲಿ ಇರುವುದು ಈ ಕಸುಬಿನ ಅಗತ್ಯ. ಚನ್ನಪಟ್ಟಣ ತಾಲ್ಲೂಕಿನ ವಂದಾರಗುಪ್ಪೆಯಲ್ಲಿ ಹೈಟೆಕ್ ಮಾರುಕಟ್ಟೆಯ ಪ್ರಸ್ತಾವ ಬಂದಾಗ ರಾಮನಗರದ ರೀಲರ್‌ಗಳು ಆತಂಕಗೊಂಡದ್ದನ್ನು ಬದಲಾವಣೆಯ ಭಯವೆಂದು ತಳ್ಳಿಹಾಕಲಾಗದು. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 2011ರ ಕೇಂದ್ರ ಬಜೆಟ್ ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದ ಹೊಡೆತವನ್ನೂ ತಾಳಿಕೊಂಡು ಬಂದ ಕಸುಬಿದು. ಬಾಯ್ಲರಿನ ಹೊಗೆ, ಬೆಂದ ಹುಳುವಿನ ವಾಸನೆ, ಚರಂಡಿ ಸೇರುವ ಬಿಸಿನೀರು ಇವುಗಳ ಬಗ್ಗೆ ನೆರೆಹೊರೆಯವರ ದೂರು ನ್ಯಾಯವಾದದ್ದೇ ಆದರೂ, ಸಾಮೂಹಿಕ ಶುದ್ಧೀಕರಣ ಘಟಕವೇ ಅದಕ್ಕೆ ಪರಿಹಾರವಾಗಬೇಕೇ ಹೊರತು ಕಸುಬನ್ನು ಊರಾಚೆಗೆ ಅಟ್ಟುವುದಲ್ಲ.

ಚನ್ನಪಟ್ಟಣದ ಪೆಟ್ಟು ಬೇರೆ ಬಗೆಯದು. ಆಲೆ ಮರದ ತುಂಡನ್ನು ಲೇತಿಗೆ ಕಟ್ಟಿ ತಿರುಗಿಸುತ್ತ, ತಿಕ್ಕಾಟದ ಬಿಸಿಗೆ ಕರಗುವ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ತಾಳೆ ಗರಿಯಿಂದ ಉಜ್ಜಿ ಹೊಳಪು ಕೊಡುವ ಇಲ್ಲಿನ ಬೊಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಊರಿನ ಹೆಸರಿಗೇ ಸೇರಿದ ಕಾನೂನಿನ ರಕ್ಷಣೆ, ಇದೆ. ಆದರೆ 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸಿನಲ್ಲಿ ದಾಟಿ ಹೋಗತೊಡಗಿದ ಮೇಲೆ, ಕಾರು ನಿಲ್ಲಿಸಿ ಬೊಂಬೆ ಕೊಳ್ಳುತ್ತಿದ್ದ ಪ್ರಯಾಣಿಕರು ಹಳೆಯ ಹೆದ್ದಾರಿಯ ಅಂಗಡಿಗಳಿಗೆ ತಪ್ಪಿಹೋದರು. ಕಾನೂನು ಹೆಸರನ್ನು ಕಾಯಬಲ್ಲದು, ಗಿರಾಕಿಯನ್ನು ಕರೆತರಲಾರದು. ದಟ್ಟಣೆ ಇಳಿದ ಆ ರಸ್ತೆಯನ್ನು ಪಾದಚಾರಿ ಮಾರ್ಗ, ನೆರಳು, ವಾಹನ ನಿಲುಗಡೆಗಳಿರುವ ಪೇಟೆಬೀದಿಯನ್ನಾಗಿ ಮಾರ್ಪಡಿಸುವ ಅವಕಾಶ ಕಣ್ಣೆದುರೇ ಇದೆ.

ಅದೇ ಚನ್ನಪಟ್ಟಣದಲ್ಲಿ, ನೂಲು ಬಿಚ್ಚಲು ಬಾರದ ತ್ಯಾಜ್ಯ ರೇಷ್ಮೆಯನ್ನು ಹತ್ತಿಯಂತೆ ಹಿಂಜಿ ನೂಲು ತೆಗೆಯುವ ಸ್ಪನ್ ಸಿಲ್ಕ್ ಗಿರಣಿಯೊಂದು ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರ ದಶಕದಲ್ಲಿ ಸ್ಥಾಪನೆಯಾಗಿತ್ತು. ಅದರ ನೂಲುವ ಕೆಲಸ ನಿಂತು ವರ್ಷಗಳಾದವು. ಜಪಾನಿನ ತೊಮಿಯೋಕಾದಲ್ಲಿ 1872ರಲ್ಲಿ ಆರಂಭವಾಗಿ 1987ರಲ್ಲಿ ಮುಚ್ಚಿದ ರೇಷ್ಮೆ ಗಿರಣಿಯ ಕಟ್ಟಡಗಳನ್ನು ಕೆಡವದೆ ಕಾಪಾಡಿದ್ದರಿಂದ 2014ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಅಲ್ಲಿ ಉಳಿದಿರುವುದು ಕಸುಬು ನಿಂತ ಮೇಲಿನ ಸ್ಮಾರಕವಾದರೆ, ಇಲ್ಲಿ ಹುಳು ಸಾಕುವ ರೈತ, ನೂಲು ಬಿಚ್ಚುವ ಕೈ, ಕೊಳ್ಳುವ ಮಾರುಕಟ್ಟೆ ಮೂರೂ ಇನ್ನೂ ಇರುವುದರಿಂದ ಪುನಶ್ಚೇತನ ಹೆಚ್ಚು ಸುಲಭವಾಗಬೇಕಿತ್ತು.

ಹಳೆಯ ಪೇಟೆಗಳ ಇಕ್ಕಟ್ಟನ್ನು ಸರಿಪಡಿಸುವುದಕ್ಕಿಂತ ಯೋಜಿತ ಹೊಸ ನಗರ ಕಟ್ಟುವುದೇ ಮೇಲು, ಬೆಂಗಳೂರು ಹೇಗಿದ್ದರೂ ಬೆಳೆಯುತ್ತದೆ ಎಂಬುದು ಉಪನಗರದ ಪರವಾದಿಗಳ ವಾದ. ಬೆಂಗಳೂರು ಬೆಳೆದ ಬಗೆಯನ್ನು ನೋಡಲು ಅವರು ಉಪನಗರದ ಗಡಿ ದಾಟಬೇಕಿಲ್ಲ, ಏಕೆಂದರೆ ರಾಜಧಾನಿಯ ಕೊಳಚೆಯನ್ನು ವೃಷಭಾವತಿ ತಂದು ಸುರಿಯುವ ಭೈರಮಂಗಲ ಕೆರೆ ಅಲ್ಲೇ ಇದೆ. ಹಿಪ್ಪುನೇರಳೆ, ತೆಂಗು, ಹೈನುಗಾರಿಕೆಗಳಿಂದ ಬದುಕುವ ರೈತರು ಭೂಮಿ ಬಿಡುವುದಿಲ್ಲವೆಂದು ಧರಣಿ ಕೂತದ್ದೂ ಅಲ್ಲಿಯೇ. ಹಿಪ್ಪುನೇರಳೆಯ ತೋಟ ಬಡಾವಣೆಯಾದರೆ ರಾಮನಗರದ ಮಾರುಕಟ್ಟೆಗೆ ಬರುವ ಗೂಡು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ ಎಂಬ ಸರಳ ಲೆಕ್ಕವನ್ನು ಈ ವಾದ ಮರೆಯುತ್ತದೆ. ಈ ಪರವಾದಿಗಳೆಲ್ಲ ನೆನೆಯುವ ಕೆಂಪೇಗೌಡರು 1537ರಲ್ಲಿ ಕಟ್ಟಿದ ಬೆಂಗಳೂರಿನಲ್ಲಿ ಕಸುಬಿಗೊಂದು ಪೇಟೆ ಎದ್ದಿತು. ಅವರ ವಂಶಸ್ಥರು ನೆಲೆ ನಿಂತ ಮಾಗಡಿಯ ಜಿಲ್ಲೆಯಲ್ಲೇ ಇಂದು ಕಸುಬಿದ್ದ ಪೇಟೆಯನ್ನು ಬಿಟ್ಟು ಕಸುಬಿಲ್ಲದ ನಗರಕ್ಕೆ ನಕ್ಷೆ ಬರೆಯಲಾಗುತ್ತಿದೆ.

ಆದ್ದರಿಂದ ಬಿಡದಿಯಲ್ಲಿ ಇನ್ನೊಂದು ಎಕರೆಗೂ ಕೈಹಾಕುವ ಮೊದಲು ಸರ್ಕಾರವು ರಾಮನಗರ ಮತ್ತು ಚನ್ನಪಟ್ಟಣದ ಪೇಟೆಗಳ ಪುನಶ್ಚೇತನ ಯೋಜನೆಯನ್ನು ಹಣದ ಲೆಕ್ಕದ ಸಮೇತ ಜನರ ಮುಂದಿಡಬೇಕು. ಗೂಡಿನ ಮಾರುಕಟ್ಟೆಯನ್ನು ಊರೊಳಗೇ ಉಳಿಸಿ ಆಧುನೀಕರಿಸಬೇಕು. ಹಳೆಯ ಹೆದ್ದಾರಿಯನ್ನು ಪೇಟೆಯ ಬಳಕೆಗೆ ಮರುರೂಪಿಸಬೇಕು. ಗಿರಣಿಯ ಜಾಗವನ್ನು ನಿವೇಶನವಾಗಿ ಮಾರದೆ ರೇಷ್ಮೆ ಮತ್ತು ಬೊಂಬೆಯ ಕಸುಬುದಾರರಿಗೇ ಮೀಸಲಿಡಬೇಕು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಕೊಟ್ಟ ಹಕ್ಕನ್ನು ರಸ್ತೆ ವಿಸ್ತರಣೆಯ ನೆಪದಲ್ಲಿ ಕಿತ್ತುಕೊಳ್ಳಬಾರದು. ಇಷ್ಟನ್ನೂ ಮಾಡದೆ ಫಲಕಗಳ ಮೇಲಿನ ಹೆಸರನ್ನು ಮಾತ್ರ ಬದಲಿಸಿದರೆ ಜಮೀನಿನ ಬೆಲೆ ಏರೀತು, ದುಡಿಯುವವರ ಕೂಲಿ ಏರದು.