ಗಚ್ಚಿಬೌಲಿಯಲ್ಲಿ ಹಂಚಿದ ಪೇಡಾ

ಕಳೆದ ತಿಂಗಳು ನಮ್ಮ ಬಳಗದ ಭಾನುವಾರದ ಕೂಟದಲ್ಲಿ ಅಮೆರಿಕದ ಸಂವಿಧಾನದ ಬಗ್ಗೆ ಸೊಗಸಾದ ಚರ್ಚೆ ನಡೆಯಿತು. ವ್ಯಕ್ತಿಯ ಹಕ್ಕು ಮತ್ತು ಸರ್ಕಾರದ ಅಧಿಕಾರದ ನಡುವೆ ಆ ದೇಶ ಸಾಧಿಸಿರುವ ಸಮತೋಲನವನ್ನು ಎಲ್ಲರೂ ಕೊಂಡಾಡಿದರು. ಜಾರ್ಜ್ ಫ್ಲಾಯ್ಡ್ ಹೆಸರು ಬಂತು, ಮಿರಾಂಡಾ ತೀರ್ಪು ಬಂತು. ನಾವು ಕುಳಿತಿದ್ದ ಮನೆಗೆ ಕೂಗಳತೆಯಲ್ಲೇ ಇರುವ ಸೈಬರಾಬಾದ್ ಪೊಲೀಸ್ ಕಮಿಷನರೇಟಿನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಹಳೆಯದೊಂದು ಭಾನುವಾರ ನೆನಪಾಗಿ ನನಗೆ ಅಂದು ಮಾತು ಹೊರಡಲಿಲ್ಲ. ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

2019ರ ಡಿಸೆಂಬರ್ 8. ಅಂದು ಓದಬೇಕಿದ್ದ ಪುಸ್ತಕ ಮೂಲೆಯಲ್ಲೇ ಉಳಿದು, ಊರಿನಿಂದ ಬಂದಿದ್ದ ಧಾರವಾಡ ಪೇಡಾದ ಡಬ್ಬಿ ಕೈಯಿಂದ ಕೈಗೆ ಸಾಗಿತ್ತು. ಎರಡು ದಿನಗಳ ಹಿಂದೆ ನಸುಕಿನಲ್ಲಿ ಶಾದ್‌ನಗರದ ಬಳಿಯ ಚಟಾನ್‌ಪಲ್ಲಿಯಲ್ಲಿ ಸೈಬರಾಬಾದ್ ಪೊಲೀಸರು ನಾಲ್ವರು ಆರೋಪಿಗಳನ್ನು ಗುಂಡಿಕ್ಕಿ ಕೊಂದಿದ್ದರು. ಆಗಿನ ಕಮಿಷನರು ಹುಬ್ಬಳ್ಳಿಯ ಕನ್ನಡಿಗರು. ‘ನಮ್ಮವರು’ ಎಂಬ ಹೆಮ್ಮೆ ಆ ಪೇಡಾದಲ್ಲಿತ್ತು. ತಿಂದವರಲ್ಲಿ ನಾನೂ ಒಬ್ಬಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಏಕೆ ತಿಂದೆನೆಂದೂ ಹೇಳಬೇಕು. ನವೆಂಬರ್ 27ರ ರಾತ್ರಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಆ ಯುವ ಪಶುವೈದ್ಯೆ, ತೊಂಡುಪಲ್ಲಿ ಟೋಲ್ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿ ಆ ಸಂಜೆ ಬಂದದ್ದು ಇದೇ ಗಚ್ಚಿಬೌಲಿಗೆ. ಇಲ್ಲಿಂದ ಮರಳಿ ಸ್ಕೂಟರ್ ತೆಗೆದುಕೊಳ್ಳಲು ಹೋದವಳು ಮನೆ ಸೇರಲಿಲ್ಲ. ಹೊರವರ್ತುಲ ರಸ್ತೆಯಲ್ಲಿ ರಾತ್ರಿ ಒಂಟಿಯಾಗಿ ಓಡಾಡುವ ನಮ್ಮಂಥ ಹೆಂಗಸರಿಗೆ ಆ ವಾರವಿಡೀ ನಿದ್ದೆಯಿರಲಿಲ್ಲ. ಡಿಸೆಂಬರ್ 6ರ ಬೆಳಿಗ್ಗೆ ಸುದ್ದಿ ಕೇಳಿದಾಗ ಒಂದು ಗಳಿಗೆ ನಾನು ನಿರಾಳವಾದದ್ದು ನಿಜ. ಪೊಲೀಸರ ಮೇಲೆ ಹೂವಿನ ಎಸಳು ಸುರಿದವರನ್ನು, ರಾಖಿ ಕಟ್ಟಿದ ಹೆಣ್ಣುಮಕ್ಕಳನ್ನು ಗೇಲಿ ಮಾಡುವ ಅಧಿಕಾರ ನನಗಿಲ್ಲ.

ಆದರೆ ಆ ನಿರಾಳತೆಯ ಮರೆಯಲ್ಲಿ ಏನೇನು ಹುದುಗಿಹೋಯಿತೆಂದು ನೋಡಿ. ಮಗಳು ಮನೆಗೆ ಬಂದಿಲ್ಲವೆಂದು ಆ ರಾತ್ರಿ ಠಾಣೆಗೆ ಓಡಿದ ಮನೆಯವರಿಗೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಸಿಕ್ಕಿತ್ತು. ದೂರು ದಾಖಲಿಸಲು ತಡಮಾಡಿದ್ದಕ್ಕಾಗಿ ಒಬ್ಬ ಸಬ್ ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಸಿಬ್ಬಂದಿ ಅಮಾನತಾದರು. ಆ ತಾಸುಗಳು ಆಕೆಯನ್ನು ಉಳಿಸಬಹುದಿತ್ತೇ ಎಂಬ ಪ್ರಶ್ನೆ ಆ ವಾರ ಎಲ್ಲರ ನಾಲಗೆಯ ಮೇಲಿತ್ತು. ಡಿಸೆಂಬರ್ 6ರ ಬೆಳಗಿನ ಬಳಿಕ ಅದನ್ನು ಕೇಳಿದವರಿಲ್ಲ. ಒಂದು ರಾತ್ರಿ ಠಾಣೆಯ ಬಾಗಿಲಲ್ಲಿ ಸೋತ ವ್ಯವಸ್ಥೆ ಒಂಬತ್ತನೆಯ ದಿನ ಬಂದೂಕಿನಿಂದ ಗೆದ್ದು ಬಂತು, ನಾವು ಅದರ ಕೊರಳಿಗೆ ಹಾರ ಹಾಕಿದೆವು.

ನ್ಯಾಯಾಲಯಗಳು ನಿಧಾನ, ಅದಕ್ಕೇ ಜನ ಬೇಸತ್ತಿದ್ದಾರೆ ಎನ್ನುವ ಗೆಳೆಯರ ಮಾತನ್ನು ಒಪ್ಪುತ್ತೇನೆ. 2012ರ ದೆಹಲಿಯ ಅಪರಾಧಿಗಳಿಗೆ ಗಲ್ಲಾದದ್ದು 2020ರ ಮಾರ್ಚ್‌ನಲ್ಲಿ. ಆದರೆ ಈ ಪ್ರಕರಣದ ವಿಚಾರಣೆಗೆಂದೇ ಮಹಬೂಬ್‌ನಗರದಲ್ಲಿ ತ್ವರಿತ ನ್ಯಾಯಾಲಯ ಸ್ಥಾಪಿಸಲು ಸರ್ಕಾರ ಆದೇಶ ಹೊರಡಿಸಿದ್ದು ಡಿಸೆಂಬರ್ 4ರಂದು. ಎರಡು ದಿನ ಕಳೆಯುವಷ್ಟರಲ್ಲಿ ಆ ನ್ಯಾಯಾಲಯಕ್ಕೆ ಆರೋಪಿಗಳೇ ಇಲ್ಲವಾದರು. ನಿಧಾನದ ಮೇಲೆ ಸಿಟ್ಟಾಗಲು ಕನಿಷ್ಠ ವಿಚಾರಣೆ ಶುರುವಾಗಬೇಕಿತ್ತು.

ಆರೋಪಿಗಳು ಕಣ್ಣಿಗೆ ಮಣ್ಣೆರಚಿ, ಪಿಸ್ತೂಲು ಕಸಿದು ಗುಂಡು ಹಾರಿಸಿದರು, ಆತ್ಮರಕ್ಷಣೆಗಾಗಿ ತಾವು ಗುಂಡು ಹಾರಿಸಬೇಕಾಯಿತು ಎಂದು ಪೊಲೀಸರು ಹೇಳಿದರು. ಸುಪ್ರೀಂ ಕೋರ್ಟ್ ಡಿಸೆಂಬರ್ 12ರಂದು ತನ್ನ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಅವರ ನೇತೃತ್ವದಲ್ಲಿ ಮೂವರ ಆಯೋಗ ನೇಮಿಸಿತು. 2022ರ ಮೇ ತಿಂಗಳಲ್ಲಿ ಬಹಿರಂಗವಾದ ಆಯೋಗದ ವರದಿ ಆ ಕಥನವನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದಿತು. ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ಆರೋಪದ ವಿಚಾರಣೆ ನಡೆಯಬೇಕೆಂದು ಶಿಫಾರಸು ಮಾಡಿತು. ಸತ್ತ ನಾಲ್ವರಲ್ಲಿ ಮೂವರು ಘಟನೆಯ ವೇಳೆಗೆ ಅಪ್ರಾಪ್ತರಾಗಿದ್ದರು ಎಂದೂ ಹೇಳಿತು. ನಮ್ಮ ಹುಬ್ಬಳ್ಳಿಯ ಅಧಿಕಾರಿ ಆ ಹತ್ತರಲ್ಲಿಲ್ಲ. ನನ್ನ ಜಗಳ ಒಬ್ಬ ವ್ಯಕ್ತಿಯ ಜೊತೆಗಲ್ಲ, ನಮ್ಮ ಚಪ್ಪಾಳೆಯ ಜೊತೆಗೆ.

ಪ್ರಕರಣ ಹೈಕೋರ್ಟಿಗೆ ಹೋಯಿತು. ಹೆಸರಿಸಲ್ಪಟ್ಟ ಪೊಲೀಸರು ವಕೀಲರನ್ನಿಟ್ಟು ವರದಿಯನ್ನು ಪ್ರಶ್ನಿಸಿದರು. ಪ್ರಶ್ನಿಸಲೇಬೇಕು. ಆಯೋಗದ ವರದಿ ತೀರ್ಪಲ್ಲ, ಆರೋಪ ಸಾಬೀತಾಗುವವರೆಗೆ ಅವರು ನಿರಪರಾಧಿಗಳು. ನಾನು ಹೇಳುವುದಿಷ್ಟೇ: ಇಂದು ಆ ಹತ್ತು ಮಂದಿಗೆ ಸಿಕ್ಕಿರುವುದು ಯಾವುದೋ ಅದೇ ಆ ನಾಲ್ವರಿಗೂ ಸಲ್ಲಬೇಕಿತ್ತು. ಸಂವಿಧಾನದ 21ನೆಯ ವಿಧಿ ಖಾಕಿಗೊಂದು, ಲುಂಗಿಗೊಂದು ಎಂದು ಎರಡು ಬಗೆಯಲ್ಲಿ ಬರೆದದ್ದಲ್ಲ.

ಆ ನಾಲ್ವರು ಯಾರು? ಲಾರಿ ಓಡಿಸುವವರು, ಕ್ಲೀನರುಗಳು. ಊರು ನಾರಾಯಣಪೇಟೆ ಜಿಲ್ಲೆಯ ಮಕ್ತಲ್ ಸುತ್ತಿನ ಹಳ್ಳಿಗಳು; ಕೃಷ್ಣೆ ದಾಟಿದರೆ ರಾಯಚೂರು. ಸಂತೆಗೂ ಆಸ್ಪತ್ರೆಗೂ ಮದುವೆ ಸಂಬಂಧಕ್ಕೂ ನಮ್ಮ ಸೀಮೆಗೆ ಬಂದುಹೋಗುವ ಜನ, ತೆಲುಗಿನ ಜೊತೆಗೆ ಕನ್ನಡವೂ ಕಿವಿಗೆ ಬೀಳುವ ನೆಲ. ಹುಬ್ಬಳ್ಳಿಯ ಅಧಿಕಾರಿಯನ್ನು ‘ನಮ್ಮವರು’ ಎಂದು ಗುರುತಿಸಿದ ನಮ್ಮ ಕಣ್ಣಿಗೆ ಹೊಳೆಯಾಚೆಯ ಈ ಹುಡುಗರು ಏನೂ ಅಲ್ಲವಾದರು. ಅವರೇ ಆ ಘೋರ ಕೃತ್ಯ ಎಸಗಿದವರಾಗಿರಬಹುದು. ಹಾಗಿದ್ದರೆ ಅದನ್ನು ಸಾಕ್ಷ್ಯಸಮೇತ ಸಾಬೀತುಪಡಿಸಿ ಜಗತ್ತಿಗೆ ತೋರಿಸುವ ಅವಕಾಶ ಆ ಹೆಣ್ಣುಮಗಳಿಗೆ ಸಲ್ಲಬೇಕಾದ ನ್ಯಾಯವಾಗಿತ್ತು. ಅದೂ ಹೋಯಿತು. ಒಂದು ವೇಳೆ ಅವರಲ್ಲಿ ಒಬ್ಬ ಬರೀ ಜೊತೆಗಿದ್ದವನಾಗಿದ್ದರೆ? ಇದನ್ನು ಈಗ ಯಾರ ಮುಂದೆ ಕೇಳಬೇಕು?

ಇನ್ನು ಅಮೆರಿಕ. ಮಿರಾಂಡಾ ಎಂಬ ಹೆಸರನ್ನು ಕೂಟದಲ್ಲಿ ಭಕ್ತಿಯಿಂದ ಉಚ್ಚರಿಸಿದ ಗೆಳೆಯರು ಆತನ ಮೇಲಿದ್ದ ಆರೋಪ ಯಾವುದೆಂದು ಮರೆತಂತಿತ್ತು. ಅಪಹರಣ ಮತ್ತು ಅತ್ಯಾಚಾರ. ಹಕ್ಕುಗಳನ್ನು ತಿಳಿಸದೆ ಪಡೆದ ತಪ್ಪೊಪ್ಪಿಗೆ ಸಲ್ಲದೆಂದು 1966ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದುಪಡಿಸಿತು. ಮರುವರ್ಷ ಆ ತಪ್ಪೊಪ್ಪಿಗೆಯನ್ನು ಬದಿಗಿಟ್ಟು ಮತ್ತೆ ವಿಚಾರಣೆ ನಡೆಯಿತು, ಆತ ಮತ್ತೆ ತಪ್ಪಿತಸ್ಥನೆಂದು ಸಾಬೀತಾಗಿ ಜೈಲಿಗೆ ಹೋದ. ಆರೋಪಿಗೆ ಹಕ್ಕು ಕೊಟ್ಟರೆ ಅಪರಾಧಿ ಪಾರಾಗುತ್ತಾನೆಂದು ವಾದಿಸುವವರು ಈ ಎರಡನೆಯ ಅಧ್ಯಾಯವನ್ನೂ ಓದಬೇಕು. 2020ರ ಮೇ ತಿಂಗಳಲ್ಲಿ ಫ್ಲಾಯ್ಡ್ ಸತ್ತಾಗ ನಮ್ಮಲ್ಲಿ ಎಷ್ಟೋ ಮಂದಿ ವಾಟ್ಸ್‌ಆ್ಯಪ್ ಚಿತ್ರವನ್ನು ಕಪ್ಪಾಗಿಸಿಕೊಂಡರು. ಪೇಡಾ ತಿಂದು ಆರು ತಿಂಗಳೂ ಆಗಿರಲಿಲ್ಲ. ಅಮೆರಿಕವೇನೂ ಸ್ವರ್ಗವಲ್ಲ, ಪೊಲೀಸರಿಗೆ ಶಿಕ್ಷೆಯಾಗುವುದು ಅಲ್ಲಿಯೂ ಅಪರೂಪ. ಆದರೂ ಮಿನಿಯಾಪೊಲಿಸ್‌ನಲ್ಲಿ ಒಂದು ವರ್ಷದೊಳಗೆ ತೀರ್ಪುಗಾರರು ಆ ಪೊಲೀಸನನ್ನು ತಪ್ಪಿತಸ್ಥನೆಂದರು. ಇಪ್ಪತ್ತೆರಡೂವರೆ ವರ್ಷಗಳ ಶಿಕ್ಷೆಯಾಯಿತು. ಅಲ್ಲಿ ಜನ ಬೀದಿಗಿಳಿದದ್ದು ಪ್ರಶ್ನೆ ಕೇಳಲು.

‘ಸಮತೋಲನ’ ಎಂಬ ಪದದ ಮೇಲೆಯೇ ನನಗೆ ಗುಮಾನಿ. ನಮ್ಮ ಹಕ್ಕನ್ನು ತುಸು ಬಿಟ್ಟುಕೊಟ್ಟು ನಾವೇ ಭದ್ರತೆ ಪಡೆಯುತ್ತೇವೆ ಎಂಬಂತೆ ಅದು ಕೇಳಿಸುತ್ತದೆ. ಚಟಾನ್‌ಪಲ್ಲಿಯಲ್ಲಿ ಬಿಟ್ಟುಕೊಟ್ಟ ಹಕ್ಕು ಲಾರಿಯವರದು, ಸಿಕ್ಕ ನಿರಾಳತೆ ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳದು. ಎನ್‌ಕೌಂಟರ್ ನಡೆದರೆ ಎಫ್‌ಐಆರ್ ದಾಖಲಾಗಬೇಕು, ಸ್ವತಂತ್ರ ತನಿಖೆ ನಡೆಯಬೇಕು, ಕೂಡಲೇ ಶೌರ್ಯ ಪ್ರಶಸ್ತಿ ಕೊಡಕೂಡದು ಎಂದು ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರಿನಲ್ಲಿಯೇ ಹದಿನಾರು ಸೂಚನೆಗಳನ್ನು ಕೊಟ್ಟಿತ್ತು. ಸರ್ಕಾರ ಪ್ರಶಸ್ತಿ ಕೊಡುವ ಮೊದಲೇ ಹಾರ ಹಾಕುವ ಜನರನ್ನು ತಡೆಯುವ ಸೂಚನೆ ಅದರಲ್ಲಿಲ್ಲ.

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಕಂದಮ್ಮನ ಕೊಲೆಯಾಯಿತು. ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಬಲಿಯಾದ. ತಪ್ಪಿಸಿಕೊಳ್ಳಲು ಯತ್ನಿಸಿ ಹಲ್ಲೆ ಮಾಡಿದನೆಂದು ಪೊಲೀಸರು ಹೇಳಿದರು. ನಡೆದದ್ದೇನೆಂದು ನಾನು ತೀರ್ಪು ಕೊಡಲಾರೆ. ಆದರೆ ನಮ್ಮ ವಾಟ್ಸ್‌ಆ್ಯಪ್ ಗುಂಪು ತನಿಖೆಗೆ ಕಾಯದೆ ಒಂದೇ ತಾಸಿನಲ್ಲಿ ತೀರ್ಪು ಕೊಟ್ಟಿತು, ಮತ್ತೆ ಸಿಹಿಯ ಚಿತ್ರಗಳು ಬಂದವು. ಸತ್ತವನು ಬಿಹಾರದಿಂದ ಹೊಟ್ಟೆಪಾಡಿಗೆ ಬಂದ ಕೂಲಿಕಾರ. ‘ಹೊರಗಿನಿಂದ ಬಂದವರೇ ಹೀಗೆ’ ಎಂದು ಒಬ್ಬರು ಬರೆದರು. ಬರೆದವರು ಹದಿನೈದು ವರ್ಷಗಳಿಂದ ಹೈದರಾಬಾದಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ.

ಮುಂದಿನ ಕೂಟಕ್ಕೆ ಕಾದಂಬರಿಯೊಂದನ್ನು ಗೊತ್ತುಮಾಡಲಾಗಿದೆ. ಅದನ್ನು ಒಂದು ತಿಂಗಳು ಮುಂದೂಡಿ ಸಿರ್ಪುರ್ಕರ್ ಆಯೋಗದ ವರದಿಯನ್ನು ಓದೋಣವೆಂದು ಈ ಮೂಲಕ ಸೂಚಿಸುತ್ತಿದ್ದೇನೆ. ಅದು ಇಂಗ್ಲಿಷಿನಲ್ಲಿದೆ, ಮುನ್ನೂರು ಪುಟ ಮೀರಿದೆ. ಮೊದಲ ನೂರು ಪುಟಗಳ ಸಾರವನ್ನು ಕನ್ನಡದಲ್ಲಿ ಬರೆದು ತರುವ ಕೆಲಸ ನನಗಿರಲಿ. ಉಳಿದದ್ದನ್ನು ಹಂಚಿಕೊಳ್ಳುವವರು ಗುರುವಾರದೊಳಗೆ ತಿಳಿಸಿದರೆ ಒಳ್ಳೆಯದು.