ಕೊಂಡದ್ದು ನಮ್ಮದೋ, ಗೇಣಿಯದೋ?



ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಷ್ಟರಿಗೆ ಗಣಕಯಂತ್ರದ ಆಟಗಳ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಹಳೆಯ ನೆನಪುಗಳನ್ನು ಬರೆದುಕೊಂಡಿದ್ದವರು ಇಂದೇಕೆ ಲಿನಕ್ಸ್ ಹಿಂದೆ ಬಿದ್ದರು ಎಂದೂ ಅನಿಸೀತು. ಆದರೆ ನಾನು ಹೇಳಹೊರಟಿರುವುದು ಆಟದ ಮಾತಲ್ಲ, ಒಡೆತನದ ಮಾತು. ಒಡೆತನವೆಂಬುದು ಸಮಾಜ ವಿಜ್ಞಾನದ ಪಾಠವೇ ತಾನೆ?

ಮೊದಲು ಎರಡು ಆಟಗಳ ಕಥೆ ಕೇಳಿ. ಫ್ರಾನ್ಸ್ ದೇಶದ ಯೂಬಿಸಾಫ್ಟ್ ಕಂಪನಿ 2014ರಲ್ಲಿ 'ದ ಕ್ರೂ' ಎಂಬ ಕಾರು ಓಟದ ಆಟವನ್ನು ಮಾರುಕಟ್ಟೆಗೆ ಬಿಟ್ಟಿತು. ಒಬ್ಬರೇ ಕುಳಿತು ಆಡಿದರೂ ಅದು ಕಂಪನಿಯ ಸರ್ವರ್ ಜೊತೆ ಸಂಪರ್ಕದಲ್ಲಿರಲೇಬೇಕಿತ್ತು. 2024ರ ಮಾರ್ಚ್ 31ರಂದು ಕಂಪನಿ ಆ ಸರ್ವರ್‌ಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡವರ ಬಳಿ ಡಿಸ್ಕ್ ಉಳಿಯಿತು, ಆಟ ಉಳಿಯಲಿಲ್ಲ. ಇನ್ನೊಂದು 'ಡೂಮ್' ಎಂಬ ಆಟ. ಅಮೆರಿಕದ ಇಡ್ ಸಾಫ್ಟ್‌ವೇರ್ ಅದನ್ನು 1993ರಲ್ಲಿ ಹೊರತಂದಿತು; 1997ರಲ್ಲಿ ಅದರ ಮೂಲ ಸಂಕೇತವನ್ನು, ಎಂದರೆ ತಂತ್ರಾಂಶ ಬರೆದವರ ಕೈಬರಹವನ್ನು, ಎಲ್ಲರಿಗೂ ಬಿಟ್ಟುಕೊಟ್ಟಿತು. ಆಗ ಹೊರಬಂದದ್ದು ಲಿನಕ್ಸ್ ಆವೃತ್ತಿಯ ಸಂಕೇತವೇ ಎಂಬುದು ಗಮನಿಸಬೇಕಾದ ಸಂಗತಿ. ಅಂದಿನಿಂದ ಯಾರು ಯಾರೋ ಅದನ್ನು ಹೊಸ ಹೊಸ ಯಂತ್ರಗಳಿಗೆ ಒಗ್ಗಿಸುತ್ತಲೇ ಬಂದಿದ್ದಾರೆ. ಹೀಗಾಗಿ ಮೂವತ್ತು ವರ್ಷ ದಾಟಿದ ಆಟ ಇಂದಿಗೂ ಜೀವಂತವಾಗಿದೆ. ಹತ್ತು ವರ್ಷವೂ ತುಂಬದ ಆಟ ಕಣ್ಮುಚ್ಚಿದೆ. ವ್ಯತ್ಯಾಸವಿರುವುದು ಆಟದ ಗುಣದಲ್ಲಲ್ಲ, ಅದರ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದರಲ್ಲಿ.

'ಅಯ್ಯೋ, ಆಟ ಹೋದರೆ ಹೋಗಲಿ ಬಿಡಿ ಸಾರ್' ಎನ್ನುವಿರಾದರೆ ಪುಸ್ತಕದ ಕಥೆಯನ್ನೂ ಕೇಳಿ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿಯು ಕಿಂಡಲ್ ಓದುಗರ ಯಂತ್ರಗಳೊಳಗಿಂದ ಜಾರ್ಜ್ ಆರ್ವೆಲ್ ಅವರ ಪುಸ್ತಕಗಳ ಪ್ರತಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ಹಣವನ್ನೂ ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ಆದರೂ ಯೋಚಿಸಿ: ಸಪ್ನಾ ಬುಕ್ ಹೌಸ್‌ನಲ್ಲಿ ನಾನು ಕೊಂಡ ಪುಸ್ತಕವನ್ನು ನಡುರಾತ್ರಿ ಯಾರಾದರೂ ನನ್ನ ಕಪಾಟಿನಿಂದ ಎತ್ತಿಕೊಂಡು ಹೋಗಿ, ಮೇಜಿನ ಮೇಲೆ ಹಣವಿಟ್ಟರೆ ಅದನ್ನು ಮರುಪಾವತಿ ಎನ್ನುತ್ತೇವೆಯೇ? ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ಮಾಡಿತು. ಇಂತಹ ಡಿಜಿಟಲ್ ಸರಕನ್ನು ಮಾರುವಾಗ, ಇದು ಕೇವಲ ಬಳಕೆಯ ಪರವಾನಗಿ ಎಂದು ತಿಳಿಸದೆ 'ಕೊಳ್ಳಿ' ಎಂಬ ಪದವನ್ನು ಬಳಸುವಂತಿಲ್ಲ ಎಂಬುದು ಅದರ ತಿರುಳು. ಯೂರೋಪಿನಲ್ಲಿ, ಮಾರಿದ ಆಟಗಳನ್ನು ಹೀಗೆ ಕೊಲ್ಲಬೇಡಿರೆಂಬ ಮನವಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಹುಡುಗರು ತಮ್ಮ ಆಟಕ್ಕಾಗಿ ಅತ್ತರೆಂದು ನಗುವ ಮುನ್ನ, ಅವರು ಎತ್ತಿದ ಪ್ರಶ್ನೆ ಹಿರಿಯರಾದ ನಮ್ಮದೂ ಹೌದೆಂಬುದನ್ನು ಒಪ್ಪಬೇಕು.

ನಿಮ್ಮಲ್ಲಿ ಹಲವರ ಅಜ್ಜಂದಿರು ಗೇಣಿದಾರರಾಗಿದ್ದವರು. ಉಳುವುದು, ಬಿತ್ತುವುದು, ಕೊಯ್ಯುವುದು ಎಲ್ಲವೂ ಅವರದೇ. ಆದರೆ ಧಣಿಯ ಮನಸ್ಸು ಬದಲಾದ ದಿನ ಗದ್ದೆಯಿಂದ ಏಳಬೇಕಾದವರೂ ಅವರೇ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದಾಗ 'ಉಳುವವನೇ ಹೊಲದೊಡೆಯ' ಎಂಬ ಮಾತು ಮನೆಮಾತಾಯಿತು. ತರಗತಿಯಲ್ಲಿ ಆ ಪಾಠ ಮಾಡುವಾಗ, ಕಾನೂನು ಬರುವ ಮೊದಲು ಗೇಣಿದಾರ ಏಕೆ ತನ್ನ ಗದ್ದೆಯ ಬದುವಿಗೆ ತೆಂಗಿನ ಸಸಿ ನೆಡುತ್ತಿರಲಿಲ್ಲ ಎಂದು ಕೇಳುತ್ತಿದ್ದೆ. ನಾಳೆ ತನ್ನದಲ್ಲದ ನೆಲದಲ್ಲಿ ಯಾರು ತಾನೇ ಮರ ನೆಡುತ್ತಾರೆ? ಇಂದು ನಮ್ಮ ಫೋಟೋ, ಪತ್ರ, ಲೆಕ್ಕ, ಹಾಡು, ಆಟಗಳೆಲ್ಲವೂ ಪರರ ನೆಲದಲ್ಲಿ ಬೇರುಬಿಟ್ಟಿವೆ. 'ಒಪ್ಪುತ್ತೇನೆ' ಎಂದು ಓದದೆಯೇ ಒತ್ತುವ ಗುಂಡಿಯೇ ನಮ್ಮ ಗೇಣಿ ಚೀಟಿ.

ಇದಕ್ಕೆ ಪರ್ಯಾಯವನ್ನು ಕಟ್ಟಿದವರಿದ್ದಾರೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬಯಸಿದಂತೆ ಬಳಸುವ, ಒಳಗೇನಿದೆ ಎಂದು ನೋಡಿ ತಿದ್ದುವ, ಇತರರಿಗೆ ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಬಳಸುವವನಿಗೆ ಇರಬೇಕೆಂಬುದು ಅವರ ನಿಲುವು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆದು ಹಂಚತೊಡಗಿದರು. ಅದೇ ಲಿನಕ್ಸ್. 'ಉಚಿತ' ಬೇರೆ, 'ಮುಕ್ತ' ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮದುವೆ ಮನೆಯ ಊಟ ಉಚಿತ. ಅಜ್ಜಿ ಹೇಳಿಕೊಟ್ಟ ಸಾರಿನ ಪುಡಿಯ ಅಳತೆ ಮುಕ್ತ. ಮೊದಲನೆಯದು ಆ ಹೊತ್ತಿನ ಹಸಿವನ್ನು ತಣಿಸುತ್ತದೆ, ಎರಡನೆಯದು ತಲೆಮಾರುಗಳನ್ನು ಪೋಷಿಸುತ್ತದೆ.

ಬಹುಕಾಲ ಯುವಕರು ಲಿನಕ್ಸ್ ಕಡೆಗೆ ಬಾರದಿರಲು ಆಟಗಳೇ ದೊಡ್ಡ ಅಡ್ಡಿಯಾಗಿದ್ದವು. ಹೆಚ್ಚಿನ ಆಟಗಳು ವಿಂಡೋಸ್ ಭಾಷೆಯನ್ನಷ್ಟೇ ಬಲ್ಲವು. 1993ರಲ್ಲಿ ಆರಂಭವಾದ ವೈನ್ ಎಂಬ ತಂತ್ರಾಂಶ ಇವೆರಡರ ನಡುವೆ ದುಭಾಷಿಯಾಗಿ ನಿಂತಿತು. ವಿಂಡೋಸ್ ತಂತ್ರಾಂಶ ಕೇಳುವುದನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳುವುದು ಅದರ ಕೆಲಸ. ಆದರೆ ಹೊಸ ಆಟಗಳ ಚಿತ್ರಗಳ ಭಾಷೆ ಅದಕ್ಕೆ ಸುಲಭಕ್ಕೆ ದಕ್ಕಲಿಲ್ಲ. ಆಗ ಫಿಲಿಪ್ ರೆಬೋಲೆ ಎಂಬ ತರುಣ, ತನಗಿಷ್ಟವಾದ 'ನಿಯರ್: ಆಟೊಮೇಟಾ' ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕೆಂಬ ಹಂಬಲದಿಂದ ಡಿಎಕ್ಸ್‌ವಿಕೆ ಎಂಬ ಅನುವಾದಕ ತಂತ್ರಾಂಶವನ್ನು ಬರೆಯತೊಡಗಿದರು. ವಾಲ್ವ್ ಕಂಪನಿ ಆ ಕೆಲಸಕ್ಕೆ ಬೆಂಬಲ ನೀಡಿ, ವೈನ್ ಮತ್ತು ಡಿಎಕ್ಸ್‌ವಿಕೆಗಳನ್ನು ಜೋಡಿಸಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂಬ ಹೆಸರಿನಲ್ಲಿ ಹೊರತಂದಿತು. 2022ರಲ್ಲಿ ಲಿನಕ್ಸ್ ಆಧಾರಿತ ಸ್ಟೀಮ್ ಡೆಕ್ ಎಂಬ ಅಂಗೈಯಗಲದ ಆಟದ ಯಂತ್ರವನ್ನೇ ಮಾರತೊಡಗಿತು. ಒಬ್ಬ ಹುಡುಗನ ಆಟದ ಚಪಲ ಸಾವಿರಾರು ಆಟಗಳಿಗೆ ಬಾಗಿಲು ತೆರೆಯಿತು. 'ಆಡ್ತಾ ಆಡ್ತಾ ಕೆಟ್ಟುಹೋದ' ಎಂದು ಪೋಷಕರ ಸಭೆಯಲ್ಲಿ ದೂರುತ್ತಿದ್ದ ತಂದೆತಾಯಿಗಳಿಗೆ ಈ ಕಥೆ ಹೇಳಬೇಕೆನಿಸುತ್ತದೆ!

ಹಾಗೆಂದು ಎಲ್ಲವೂ ಹೂವಿನ ಹಾಸಿಗೆಯೆಂದು ಹೇಳಲಾರೆ. ಮೋಸ ತಡೆಯುವ ಕಾವಲು ತಂತ್ರಾಂಶಗಳ ಕಾರಣದಿಂದ 'ವ್ಯಾಲೊರಂಟ್' ನಂತಹ ಕೆಲವು ಜನಪ್ರಿಯ ಆಟಗಳು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ವಾಲ್ವ್ ಕಂಪನಿಯ ಸ್ಟೀಮ್ ಅಂಗಡಿಯೂ ಮಾರುವುದು ಪರವಾನಗಿಯನ್ನೇ. ಅದೂ ಒಬ್ಬ ಧಣಿಯೇ, ಕೊಂಚ ಉದಾರಿ ಅಷ್ಟೆ. ಆದರೆ ಪ್ರೋಟಾನಿನ ಸಂಕೇತ ಎಲ್ಲರಿಗೂ ತೆರೆದಿದೆ. ಕಂಪನಿಯ ಮನಸ್ಸು ನಾಳೆ ಬದಲಾದರೂ ಆ ದುಭಾಷಿಯನ್ನು ಯಾರೂ ನಮ್ಮಿಂದ ಕಸಿಯಲಾರರು. ನಾನು ಬೆಲೆ ಕಟ್ಟುವುದು ಇದಕ್ಕೆ.

ಕನ್ನಡಿಗರಾದ ನಮಗೆ ಈ ಪಾಠ ಹೊಸದಾಗಬಾರದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ನಮ್ಮ ಮೇಜಿಗೆ ಬರಲು ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ನಾವು ಬೆರಳಚ್ಚು ಮಾಡಿದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಲ್ಲಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಮ್ಮ ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಕಡತವೂ ಹೀಗೆಯೇ ಮೂಕವಾಗಿ ಕುಳಿತಿತ್ತು. ಅದನ್ನು ಮತ್ತೆ ಕನ್ನಡವಾಗಿಸಿದ್ದು ಯಾವ ದೊಡ್ಡ ಕಂಪನಿಯೂ ಅಲ್ಲ, ಸ್ವಯಂಸೇವಕರು ಬರೆದು ಹಂಚಿದ ಒಂದು ಪರಿವರ್ತಕ. ಲೋಹಿತ್, ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟುಗಳನ್ನು ರೂಪಿಸಿಕೊಟ್ಟವರೂ ಇಂಥದೇ ಮನಸ್ಸಿನವರು. ಆ ಸಂಚಿಕೆಯಲ್ಲಿ ನಮ್ಮನ್ನಗಲಿದ ಮುಖ್ಯೋಪಾಧ್ಯಾಯರ ಬರಹವಿದೆ, ಊರಿನ ಹಿರಿಯರು ಹೇಳಿದ ಶಾಲೆಯ ಹುಟ್ಟಿನ ಕಥೆಯಿದೆ. ಅದನ್ನು ಮತ್ತೊಮ್ಮೆ ಹೇಳಲು ಅವರಾರೂ ಇಂದು ಇಲ್ಲ.

ಫೋಟೋಗಳಿಗೆ ಆ ಭಾಗ್ಯವಿರಲಿಲ್ಲ. ಹಳೆಯ ವಿದ್ಯಾರ್ಥಿಗಳ ಒಂದು ತಂಡ ಅದೇ ಬೆಳ್ಳಿಹಬ್ಬದ ಚಿತ್ರಗಳನ್ನು ಅಂತರ್ಜಾಲದ ಒಂದು ಉಚಿತ ತಾಣದಲ್ಲಿ ಇರಿಸಿತ್ತು. ಕೆಲವು ವರ್ಷಗಳ ಬಳಿಕ ಆ ತಾಣ ಮುಚ್ಚಿತು. ಮುನ್ಸೂಚನೆಯ ಪತ್ರವೇನೋ ಬಂದಿತ್ತಂತೆ, ಯಾರೂ ಬಳಸದ ಒಂದು ಹಳೆಯ ಇಮೇಲ್ ವಿಳಾಸಕ್ಕೆ!

ಆದ್ದರಿಂದಲೇ ಸ್ವಂತ ಸರ್ವರ್ ಇಟ್ಟುಕೊಳ್ಳುವ ಹವ್ಯಾಸವನ್ನು ನಾನು ಹುಡುಗಾಟವೆನ್ನುವುದಿಲ್ಲ. ಮೂಲೆಗೆ ಸೇರಿದ ಒಂದು ಹಳೆಯ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರವಿದ್ದರೆ ಸಾಕು. ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಫೋಟೋಗಳಿಗೆ ಇಮಿಚ್ ಎಂಬ ಮುಕ್ತ ತಂತ್ರಾಂಶಗಳಿವೆ. ಆದರೆ ಕಷ್ಟವನ್ನೂ ಹೇಳಬೇಕಲ್ಲ! ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಸಿಡಿಲಿಗೆ ಯಂತ್ರ ಸುಡುತ್ತದೆ, ಹಾರ್ಡ್ ಡಿಸ್ಕ್ ಹೇಳದೆ ಕೇಳದೆ ಕೈಕೊಡುತ್ತದೆ. ಅದಕ್ಕಾಗಿಯೇ ಬಲ್ಲವರು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಸೂತ್ರವನ್ನು ಹೇಳುತ್ತಾರೆ. ಇದಕ್ಕೆ ನನ್ನದೊಂದು ಸೇರ್ಪಡೆ: ಗುಪ್ತಪದ ಮನೆಯಲ್ಲಿ ಇಬ್ಬರಿಗೆ ತಿಳಿದಿರಲಿ. ಇಟ್ಟುಕೊಂಡವನೊಡನೆಯೇ ಬೀಗದ ಕೈಯೂ ಹೋದರೆ ಸ್ವಂತದ್ದಾದರೇನು, ಬಾಡಿಗೆಯದಾದರೇನು?

ಮುಕ್ತ ತಂತ್ರಾಂಶಕ್ಕೂ ಅದರದೇ ಆದ ಸಂಕಟವಿದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಒಂದು ಪುಟ್ಟ, ಆದರೆ ಎಲ್ಲೆಡೆ ಬಳಕೆಯಲ್ಲಿರುವ ತಂತ್ರಾಂಶದಲ್ಲಿ ಕಳ್ಳಬಾಗಿಲೊಂದು ಪತ್ತೆಯಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ದಣಿದಿದ್ದರು. ನೆರವಾಗುವೆನೆಂದು ಬಂದವನು ವರ್ಷಗಟ್ಟಲೆ ನಂಬಿಕೆ ಗಳಿಸಿ ಕನ್ನ ಕೊರೆದಿದ್ದ. ತನ್ನ ಯಂತ್ರ ಸುಮಾರು ಅರ್ಧ ಸೆಕೆಂಡು ತಡವಾಗಿ ಉತ್ತರಿಸುತ್ತಿರುವುದೇಕೆಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಕಂಡುಹಿಡಿದರು. ಎಲ್ಲರಿಗೂ ತೆರೆದಿದ್ದ ಕಾರಣಕ್ಕೇ ಅದು ಸಿಕ್ಕಿತು. ಎಲ್ಲರದೂ ಎಂದು ಯಾರೂ ನೋಡದ ಕಾರಣಕ್ಕೇ ಅದು ಆಯಿತು. ನಮ್ಮ ಊರ ಕೆರೆಯ ಕಥೆಯೂ ಇದೇ ಅಲ್ಲವೇ? ನೀರು ಎಲ್ಲರಿಗೂ ಬೇಕು, ಹೂಳೆತ್ತಲು ಬರುವವರು ನಾಲ್ವರು. ಬೆಂಗಳೂರಿನ ಜೆರೋಧಾ ಸಂಸ್ಥೆ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿಯನ್ನು ಘೋಷಿಸಿದಾಗ ನನಗೆ ಸಂತೋಷವಾಯಿತು. ಮುಕ್ತ ತಂತ್ರಾಂಶದ ಮೇಲೆ ಕೋಟಿಗಟ್ಟಲೆ ವ್ಯವಹಾರ ಕಟ್ಟಿದ ಉಳಿದವರೂ ಹೂಳೆತ್ತಲು ಬರಬೇಕು.

ಇನ್ನು ನನಗೆ ಬಹಳ ಹತ್ತಿರವಾದ ಶಾಲೆಯ ವಿಷಯ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅನೇಕ ಹಳೆಯ ಯಂತ್ರಗಳು ವಿಂಡೋಸ್ 11 ಕೇಳುವ ಅರ್ಹತೆಯನ್ನು ಮುಟ್ಟುವುದಿಲ್ಲ. ಗಟ್ಟಿಮುಟ್ಟಾಗಿರುವ ಈ ಯಂತ್ರಗಳು ನಿಮ್ಮ ಕಚೇರಿಗಳಿಂದ ಗುಜರಿಗೆ ಹೋಗುತ್ತಿವೆ. ಲಿನಕ್ಸ್ ಹಾಕಿದರೆ ಅವು ಇನ್ನೂ ಹಲವು ವರ್ಷ ಮಕ್ಕಳ ಕೈಯಲ್ಲಿ ಬಾಳಬಲ್ಲವು. ಇದು ಕನಸಿನ ಮಾತಲ್ಲ. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಮುಕ್ತ ತಂತ್ರಾಂಶಕ್ಕೆ ಹೊರಳಿ, ಲಕ್ಷಾಂತರ ಮಕ್ಕಳು ಸರ್ಕಾರಿ ಶಾಲೆಗಳಲ್ಲಿ ಅದರಲ್ಲೇ ಕಲಿತು ಪರೀಕ್ಷೆ ಬರೆದಿದ್ದಾರೆ. ಪುಟ್ಟ ಮಕ್ಕಳಿಗೆ ಆಟವಾಡುತ್ತಲೇ ಎಣಿಕೆ, ಅಕ್ಷರ ಕಲಿಸುವ ಜಿಕಾಂಪ್ರಿ ಎಂಬ ಮುಕ್ತ ತಂತ್ರಾಂಶವಿದೆ. ಫ್ರೆಂಚ್ ಭಾಷೆಯ 'ನನಗೆ ಅರ್ಥವಾಯಿತು' ಎಂಬ ಮಾತಿನ ಧ್ವನಿ ಅದರ ಹೆಸರಿನಲ್ಲಿದೆ. ಮೇಷ್ಟರಿಗೆ ಇದಕ್ಕಿಂತ ಸಿಹಿಯಾದ ಮಾತು ಬೇರೊಂದಿಲ್ಲ.

ನಮ್ಮ ಸರ್ಕಾರಿ ಶಾಲೆಗಳು ಒಂದೇ ಕಂಪನಿಯ ಗುಂಡಿಗಳನ್ನು ಒತ್ತುವುದನ್ನೇ 'ಕಂಪ್ಯೂಟರ್ ಶಿಕ್ಷಣ' ಎಂದು ಕಲಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾಳೆ ಉದ್ಯೋಗಕ್ಕೆ ಬೇಕಾದುದು ವಿಂಡೋಸ್ ತಾನೆ ಎಂದು ನೀವು ಕೇಳಬಹುದು. ಸೈಕಲ್ ಕಲಿತವನಿಗೆ ಕಂಪನಿ ಬದಲಾದರೆ ಪೆಡಲ್ ಮರೆಯುವುದಿಲ್ಲ. ಬಿಚ್ಚಿ ನೋಡಬಹುದಾದ ಸೈಕಲ್ ಸಿಕ್ಕ ಹುಡುಗ ಪಂಕ್ಚರ್ ಹಾಕುವುದನ್ನೂ ಕಲಿಯುತ್ತಾನೆ. ದುಡ್ಡಿಲ್ಲದ ಮನೆಯ ಮಗುವಿಗೆ ಬಿಚ್ಚಿ ನೋಡುವ ಅವಕಾಶವೇ ಬಹುದೊಡ್ಡ ಗ್ರಂಥಾಲಯ.

ನನ್ನ ಶಿಷ್ಯರಲ್ಲಿ ಬೆಂಗಳೂರಿನಿಂದ ಅಮೆರಿಕದವರೆಗೆ ಈ ಕ್ಷೇತ್ರದಲ್ಲಿ ದುಡಿಯುವವರು ಅನೇಕರಿದ್ದೀರಿ. ಗುರುದಕ್ಷಿಣೆಯೆಂದು ಎಂದೂ ಏನನ್ನೂ ಕೇಳಿದವನಲ್ಲ; ಈಗ ಮೂರನ್ನು ಕೇಳುತ್ತೇನೆ. ನಿಮ್ಮ ಮನೆಯ ನೆನಪುಗಳ ಒಂದು ಪ್ರತಿಯಾದರೂ ನಿಮ್ಮದೇ ಸೂರಿನಡಿ ಇರಲಿ. ಕಚೇರಿಯಲ್ಲಿ ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡುವಾಗ, ಮೇಲಿನವರ ಒಪ್ಪಿಗೆ ಪಡೆದು, ಒಳಗಿನ ಮಾಹಿತಿಯನ್ನು ಅಳಿಸಿ, ಐದಾರನ್ನು ನೀವು ಓದಿದ ಶಾಲೆಗೆ ತಲುಪಿಸಿ. ತಲುಪಿಸಿದವರೇ ಒಂದು ದಿನ ಕುಳಿತು ಅವುಗಳನ್ನು ಸಜ್ಜುಗೊಳಿಸಿ, ಅಲ್ಲಿನ ಶಿಕ್ಷಕರೊಬ್ಬರಿಗೆ ಕಲಿಸಿಕೊಟ್ಟು ಬನ್ನಿ. ಮೂರನೆಯದು, ನೀವು ದಿನವೂ ಬಳಸುವ ಒಂದಾದರೂ ಮುಕ್ತ ತಂತ್ರಾಂಶಕ್ಕೆ ಒಂದು ಬುಟ್ಟಿ ಹೂಳೆತ್ತಿ. ಅದು ಹಣವಾಗಬಹುದು, ದೋಷ ಹುಡುಕುವುದಾಗಬಹುದು, ಕನ್ನಡಕ್ಕೆ ನಾಲ್ಕು ಸಾಲು ತರುವುದಾಗಬಹುದು.

ಭೂಮಿಗಾಗಿ ಅರ್ಜಿ ಹಾಕಲು ಅಂದಿನ ಗೇಣಿದಾರರು ತಾಲ್ಲೂಕು ಕಚೇರಿಯ ಮುಂದೆ ಸಾಲಾಗಿ ನಿಂತಿದ್ದರು. ನಮಗೆ ಅಂತಹ ಸಾಲೂ ಇಲ್ಲ, ನಮೂನೆಯನ್ನು ತುಂಬಬೇಕಾಗಿಯೂ ಇಲ್ಲ. ನೆಲ ಆಗಲೇ ಬಿಟ್ಟುಕೊಟ್ಟಿದೆ, ಉಳುವವರು ಬೇಕಷ್ಟೆ. ಏನಂತೀರಿ? ಒಪ್ಪದವರು ಖಂಡಿತ ಬರೆಯಿರಿ. ಪ್ರಶ್ನೆ ಕೇಳಿದವರನ್ನು ಎಂದೂ ಬೆಂಚಿನ ಮೇಲೆ ನಿಲ್ಲಿಸಿದವನಲ್ಲ ನಾನು.