ಮೋಟಾರು ಸೈಕಲ್ಲೂ ಇತಿಹಾಸದ ವಿದ್ಯಾರ್ಥಿಯೂ

ಸಂಚಿಕೆಗೆ ಒಂದು ಲೇಖನ ಕೊಡೆಂದು ಸಂಪಾದಕ ಮಿತ್ರರು ಕೇಳಿದಾಗ, ಬಾದಾಮಿಯ ಗುಹೆಗಳನ್ನೋ ಐಹೊಳೆಯ ಗುಡಿಗಳನ್ನೋ ಕುರಿತು ಬರೆದೇನೆಂದು ಅವರು ಎಣಿಸಿದ್ದಿರಬೇಕು. ಇತಿಹಾಸವನ್ನು ಐಚ್ಛಿಕವಾಗಿ ಓದುವವನು ಮತ್ತೇನು ಬರೆದಾನು? ಆದರೆ ಈ ವರ್ಷ ನನ್ನ ತಲೆ ತಿಂದವರು ಚಾಲುಕ್ಯರಲ್ಲ. ನಮ್ಮ ತಂದೆಯವರ ಹಳೆಯ ಯೆಜ್ಡಿ ಮೋಟಾರು ಸೈಕಲ್ಲು. ಅದರ ಬ್ಯಾಟರಿ ಕುದಿಯುತ್ತಿತ್ತು. "ಬಿ.ಎ. ಓದಾಂವಗ ಈ ಉಸಾಬರಿ ಯಾಕ ಬೇಕಲೇ?" ಎಂದು ವಸತಿಗೃಹದ ಗೆಳೆಯರು ನಕ್ಕರು. ಅವರಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ನಮ್ಮ ಮನೆ ಇಳಕಲ್ಲಿನದು. ತಂದೆಯವರು ಕುಣಿಮಗ್ಗದಲ್ಲಿ ಕುಳಿತು ಬೆಳೆದವರು. ಮೊಣಕಾಲ ನೋವು ಹೆಚ್ಚಾದ ಮೇಲೆ ನೇಯುವುದನ್ನು ಬಿಟ್ಟು, ನೇಕಾರರ ಮನೆಗಳಿಂದ ಸೀರೆ ಎತ್ತಿ ಹುನಗುಂದ, ಬಾಗಲಕೋಟೆ, ಬಾದಾಮಿಗಳ ಗಿರಾಕಿಗಳಿಗೆ ಮುಟ್ಟಿಸುತ್ತಾರೆ. ಹಿಂದಿನ ಸೀಟಿಗೆ ಗಂಟು ಕಟ್ಟಿ ನಸುಕಿನಲ್ಲಿ ಹೊರಟರೆ ಮರಳುವುದು ದೀಪ ಹಚ್ಚಿದ ಮೇಲೆಯೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆ ಮೆಟ್ಟಿಲಿನ ಖರ್ಚನ್ನು ಹೊರುತ್ತಿರುವುದೂ ಆ ಗಾಡಿಯೇ. ಅದು ನಿಂತ ವಾರ ಮನೆಗೆ ದುಡ್ಡು ಬರುವುದಿಲ್ಲ.

ಗಾಡಿಯ ಕುಲಗೋತ್ರವನ್ನೂ ಹೇಳಬೇಕಷ್ಟೆ. ಇದು ನಮ್ಮ ಮೈಸೂರಿನ ಕೂಸು. ಜೆಕ್ ದೇಶದ ಜಾವಾ ಕಂಪನಿಯ ಸಹಯೋಗದಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು ತಯಾರಾದವು. ಮುಂದೆ ಅವೇ ಯೆಜ್ಡಿ ಎಂಬ ಹೆಸರಿನಿಂದ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆಯಾದರೂ ಹಳೆಯವಕ್ಕೂ ಅವಕ್ಕೂ ಬಿಡಿಭಾಗದ ನಂಟಿಲ್ಲ. ಕಿಕ್ಕಿನ ಕಾಲೇ ಗೇರಿನ ಕಾಲೂ ಆಗಿರುವ, ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆ ಬಿಡುತ್ತ ಊರಿಗೇ ಕೇಳುವಂತೆ ಬರುವ ಈ ಗಾಡಿಯನ್ನು ಯಾರು ಗುರುತಿಸಲಾರರು? ನಮ್ಮದು ಡೈನಮೋ ಇರುವ 6 ವೋಲ್ಟಿನದು. ಇದರಲ್ಲಿ ಕಿಡಿ ಹಾರುವುದೂ ಬ್ಯಾಟರಿಯ ಬಲದಿಂದಲೇ ಆದುದರಿಂದ, ಬ್ಯಾಟರಿ ಸತ್ತರೆ ಗಾಡಿಯೂ ಸತ್ತಂತೆ.

ಕಳೆದ ವರ್ಷ ರಾತ್ರಿ ಜೋರಾಗಿ ಬಂದಾಗಲೆಲ್ಲ ಮುಂದಿನ ದೀಪ ಕಣ್ಣು ಕುಕ್ಕುವಂತೆ ಉರಿಯತೊಡಗಿತು. "ಬೆಳಕ ಭಾಳ ಛಲೋ ಬಿದ್ದೈತಿ" ಎಂದು ತಂದೆಯವರು ಹಿಗ್ಗಿದರು. ಹಿಗ್ಗು ಹೆಚ್ಚು ದಿನ ನಿಲ್ಲಲಿಲ್ಲ. ಬಲ್ಬುಗಳು ಒಂದರ ಹಿಂದೊಂದು ಸುಟ್ಟುವು. ಬ್ಯಾಟರಿಯ ನೀರು ವಾರಕ್ಕೊಮ್ಮೆ ಇಂಗತೊಡಗಿತು. ಮುಚ್ಚಳ ತೆಗೆದರೆ ಮೂಗಿಗೆ ಹುಳಿ ಘಾಟು, ಪಕ್ಕದ ಬಣ್ಣವೆಲ್ಲ ಆಮ್ಲ ಸೋರಿ ಎದ್ದುಹೋಗಿತ್ತು. ಮೂರೇ ತಿಂಗಳಿಗೆ ಬ್ಯಾಟರಿ ಸತ್ತಿತು.

ಚಾರ್ಜು ಹೆಚ್ಚಾದರೆ ಒಳ್ಳೆಯದಲ್ಲವೆ ಎಂದು ಕೇಳುವವರು ನಮ್ಮಲ್ಲಿ ಬಹಳ. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲಿಹೋಗುತ್ತದೆ, ಅಷ್ಟೆ. ತುಂಬಿದ ಬ್ಯಾಟರಿಗೆ ವಿದ್ಯುತ್ತು ಹೊಯ್ದರೆ ಅದು ಒಳಗಿನ ನೀರನ್ನೇ ಒಡೆದು ಜಲಜನಕ, ಆಮ್ಲಜನಕಗಳನ್ನಾಗಿ ಮಾಡಿ ಹೊರಗೆ ಬಿಡುತ್ತದೆ. ಫಲಕಗಳು ಬಿಸಿಯಾಗಿ ಉದುರುತ್ತವೆ. (ಹೊರಬಂದ ಜಲಜನಕ ಕಿಡಿ ತಗುಲಿದರೆ ಸಿಡಿಯುತ್ತದೆ, ಕುದಿಯುವ ಬ್ಯಾಟರಿಯ ಮೇಲೆ ಬೀಡಿ ಹಿಡಿದು ಬಗ್ಗಿ ನೋಡುವ ನಮ್ಮೂರ ಹಿರಿಯರು ಇದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕು.) 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮದಂತೆ ಡೈನಮೋ ಜೋರಾಗಿ ತಿರುಗಿದಷ್ಟೂ ವೋಲ್ಟೇಜು ಏರುತ್ತದೆ, ಅದಕ್ಕೆ ಮಿತಿಯೆಂಬುದು ಗೊತ್ತಿಲ್ಲ. ಮಿತಿ ಹಾಕಲೆಂದೇ ರೆಗ್ಯುಲೇಟರೆಂಬ ಪುಟ್ಟ ಪೆಟ್ಟಿಗೆಯುಂಟು. ಅದರೊಳಗೆ ಒಂದು ತಂತಿಯ ಸುರುಳಿ, ಒಂದು ಸ್ಪ್ರಿಂಗು, ಕೂಡಿ ಬಿಡುವ ಪಾಯಿಂಟುಗಳು. ವೋಲ್ಟೇಜು ಏಳರ ಮೇಲೆ ಸ್ವಲ್ಪ ಏರುತ್ತಲೇ ಸುರುಳಿ ಪಾಯಿಂಟನ್ನು ಸೆಳೆದು ಡೈನಮೋದ ಬಲ ತಗ್ಗಿಸುತ್ತದೆ.

ತಂದೆಯವರು ಗಾಡಿಯನ್ನು ಗ್ಯಾರೇಜಿಗೆ ಒಯ್ದರು. ಮೊದಲ ಸಲ ಹೊಸ ಬ್ಯಾಟರಿ ಬಂತು. ಮಳೆಗಾಲದ ಹೊತ್ತಿಗೆ ಅದೂ ಸತ್ತಿತು. ಎರಡನೆಯ ಸಲ ಮತ್ತೊಂದು ಬ್ಯಾಟರಿಯ ಜೊತೆ ರೆಗ್ಯುಲೇಟರೂ ಬದಲಾಯಿತು. ದೀಪಾವಳಿಯ ಸೂಟಿಗೆ ನಾನು ಊರಿಗೆ ಹೋದಾಗ ಮೂರನೆಯ ಬ್ಯಾಟರಿಯೂ ಕುದಿಯುತ್ತಿತ್ತು. ಆ ಸಲದ ನನ್ನ ಪರೀಕ್ಷಾ ಶುಲ್ಕ ಸೋದರಮಾವನ ಕಿಸೆಯಿಂದ ಬಂದುದೇಕೆಂಬುದು ಆಗ ನನಗೆ ತಿಳಿಯಿತು.

ಐ.ಟಿ.ಐ. ಓದುವ ಗೆಳೆಯನಿಂದ ಒಂದು ಮಲ್ಟಿಮೀಟರನ್ನು ಕಡ ತಂದೆ. ಎಂಜಿನ್ನು ನಿಂತಿದ್ದಾಗ ಬ್ಯಾಟರಿಯ ಎರಡು ತುದಿಗಳಲ್ಲಿ 6.4 ತೋರಿಸಿತು, ಮೂರು ಕೋಶಗಳ ಬ್ಯಾಟರಿಗೆ ಇದು ಸರಿಯೇ. ಎಂಜಿನ್ನು ಹೊಡೆದು ಆಕ್ಸಿಲರೇಟರು ತಿರುವಿದರೆ ಮುಳ್ಳು 7ನ್ನು ದಾಟಿ, 8ನ್ನೂ ದಾಟಿ, 8.9ಕ್ಕೆ ಹೋಗಿ ನಿಂತಿತು. ರೋಗವಂತೂ ನಿಜ. ಆದರೆ ಹೊಚ್ಚ ಹೊಸ ರೆಗ್ಯುಲೇಟರೂ ಹಳೆಯದರಂತೆಯೇ ವರ್ತಿಸಿದರೆ, ತಪ್ಪು ರೆಗ್ಯುಲೇಟರಿನದೆಂದು ಹೇಗೆ ಹೇಳುವುದು? ಪಾಯಿಂಟು ಕೂಡಿಕೊಂಡಿರಬಹುದು, ತಂತಿಯ ಸಿಪ್ಪೆ ಹೋಗಿ ತಗಲಬಾರದಲ್ಲಿ ತಗಲಿರಬಹುದು. ಅವನ್ನೆಲ್ಲ ನೋಡಿದೆ, ಏನೂ ಸಿಕ್ಕಲಿಲ್ಲ.

ಕೊನೆಗೆ ನನ್ನ ನೆರವಿಗೆ ಬಂದುದು ನಮ್ಮ ತರಗತಿಯಲ್ಲಿ ಗುರುಗಳು ಪದೇ ಪದೇ ಕೇಳುವ ಪ್ರಶ್ನೆ: ಅದು ಎಂದು ಆಯಿತು, ಅದಕ್ಕಿಂತ ಮುಂಚೆ ಏನಾಗಿತ್ತು?

"ಅಪ್ಪಾ, ಇದು ಯಾವಾಗಿಂದ ಶುರುವಾತು?"

ತಂದೆಯವರು ಯೋಚಿಸಿದರು. "ಬನಶಂಕರಿ ಜಾತ್ರಿ ಮುಂದ ಏನೂ ಇರಲಿಲ್ಲಪಾ. ಜಾತ್ರ್ಯಾಗ ಮೊದಲನೇ ಬಲ್ಬ ಹೋತು."

"ಜಾತ್ರಿಕಿಂತ ಮೊದಲ ಗಾಡಿಗೆ ಏನ ಮಾಡಿಸಿದ್ರಿ?"

"ಏನಿಲ್ಲ. ಬಣ್ಣಾ ಹೊಡಿಸಿದ್ನೆಲ್ಲ!"

ಹೌದು, ಬನದ ಹುಣ್ಣಿಮೆಗೆ ಬಾದಾಮಿಯ ಕಡೆ ಹೊರಡುವ ಮುನ್ನ ಗಾಡಿ ಬಿಚ್ಚಿಸಿ ಹೊಸ ಬಣ್ಣ ಮಾಡಿಸಿದ್ದರು. ನಾನು ರೆಗ್ಯುಲೇಟರನ್ನು ಕೂರಿಸಿದ ಕಡೆ ನೋಡಿದೆ. ಚೌಕಟ್ಟಿನ ಮೇಲೆ ದಪ್ಪನಾದ ಬಣ್ಣ, ಅದರ ಮೇಲೆ ರೆಗ್ಯುಲೇಟರು. ತನ್ನ ತಂತಿಗೂ ತನ್ನ ಮೈಗೂ ನಡುವೆ ಎಷ್ಟು ವೋಲ್ಟೇಜಿದೆಯೆಂಬುದನ್ನೇ ಅದು ಅಳೆಯುವುದು. ಮೈ ಚೌಕಟ್ಟಿಗೆ ಚೆನ್ನಾಗಿ ತಾಗಿದ್ದರೆ ಮಾತ್ರ ಆ ಅಳತೆ ನಿಜ. ಇಲ್ಲಿ ಒಂದು ಬೋಲ್ಟಿನ ಸುತ್ತಿನಿಂದ ಅರೆಬರೆಯಾಗಿ ತಾಗಿತ್ತಷ್ಟೆ. ಎಂಜಿನ್ನು ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ರೆಗ್ಯುಲೇಟರಿನ ಮೈಗೂ ಇನ್ನೊಂದನ್ನು ಬ್ಯಾಟರಿಯ ಅರ್ಥಿಂಗ್ ತುದಿಗೂ ಹಿಡಿದೆ. ಸೊನ್ನೆಯ ಸಮೀಪ ಇರಬೇಕಾದುದು 1.7 ಇತ್ತು. ಅಂದರೆ 8.9 ಇದ್ದುದು ಪಾಪ ಆ ರೆಗ್ಯುಲೇಟರಿಗೆ 7.2 ಎಂದು ಕಾಣುತ್ತಿತ್ತು. ತನ್ನ ಕೆಲಸವನ್ನು ಅದು ನಿಷ್ಠೆಯಿಂದಲೇ ಮಾಡುತ್ತಿತ್ತು. ಮರಳುಕಾಗದದಿಂದ ಎರಡೂ ಬೋಲ್ಟಿನ ಕೆಳಗಿನ ಬಣ್ಣ ತಿಕ್ಕಿ ಲೋಹ ಕಾಣಿಸಿ, ಹೆಚ್ಚಿನ ಭದ್ರತೆಗೆಂದು ಗೇಣುದ್ದದ ತಂತಿಯೊಂದನ್ನು ಬಿಗಿದೆ. ಮತ್ತೆ ಅಳೆದರೆ 7.2. ಖರ್ಚು ಮರಳುಕಾಗದದ್ದು, ತಂತಿಯದು. ಚಹಾ ಸೇರಿಸಿದರೂ ಐವತ್ತು ರೂಪಾಯಿ ದಾಟಲಿಲ್ಲ.

ಇದನ್ನು ಓದಿ ಮಿತ್ರರು ಆ ಗ್ಯಾರೇಜಿನವರನ್ನು ಬೈಯಬಹುದು. ಸಿಟ್ಟು ನನಗೂ ಬಂದಿತ್ತು. ಆದರೆ ನಿಧಾನವಾಗಿ ಯೋಚಿಸಿದಾಗ ಅರ್ಧ ತಪ್ಪು ನಮ್ಮ ಕಡೆಯೇ ಕಂಡಿತು. ಬ್ಯಾಟರಿಗೆ ಬಿಲ್ಲುಂಟು, ರೆಗ್ಯುಲೇಟರಿಗೆ ಬಿಲ್ಲುಂಟು. ಕುಳಿತು ಅಳೆದು ಯೋಚಿಸಿದ ಒಂದು ತಾಸಿಗೆ ಯಾವ ಬಿಲ್ಲಿನಲ್ಲಿ ಸಾಲುಂಟು? ಆ ಮೆಕ್ಯಾನಿಕ್ಕು ದಿನವಿಡೀ ಹುಡುಕಿ, ಬಣ್ಣ ತಿಕ್ಕಿ, "ಇನ್ನೂರು ರೂಪಾಯಿ ಕೊಡ್ರಿ ಅಣ್ಣಾರ" ಎಂದಿದ್ದರೆ, "ಏನ ಹಾಕಿದಿ ಅಂತ ಇನ್ನೂರು?" ಎಂದು ನಮ್ಮ ತಂದೆಯವರೇ ಜಗಳಕ್ಕೆ ನಿಲ್ಲುತ್ತಿದ್ದರು. ಕೈಗೆ ವಸ್ತು ಬಂದರೆ ಮಾತ್ರ ದುಡ್ಡು ಬಿಚ್ಚುವವರು ನಾವು. ಹೀಗಿರುವಾಗ ದುಡಿಯುವವನು ವಸ್ತುವನ್ನೇ ಮಾರುತ್ತಾನೆ. ರೋಗ ಹುಡುಕುವ ಕೆಲಸಕ್ಕೆ ಕೂಲಿ ಕೊಡುವ ರೂಢಿ ಬರದೆ ಗ್ಯಾರೇಜುಗಳು ಸುಧಾರಿಸಲಾರವೆಂಬುದು ನನ್ನ ಖಚಿತ ಅಭಿಪ್ರಾಯ. ಗೈಡುಗಳಲ್ಲಿಯ ಸಿದ್ಧ ಉತ್ತರಗಳಿಗೆ ದುಡ್ಡು ಸುರಿಯುವ ನಾವು ವಿದ್ಯಾರ್ಥಿಗಳೂ ಇದನ್ನು ಆಡಿಕೊಳ್ಳುವ ಸ್ಥಿತಿಯಲ್ಲಿಲ್ಲ.

ತಂದೆಯವರಿಗೆ ಇದನ್ನೆಲ್ಲ ವಿವರಿಸಿದಾಗ ಬಹಳ ಹೊತ್ತು ಸುಮ್ಮನಿದ್ದು, "ಎಳಿ ಹರದ್ರ ಎಲ್ಲಿ ಹರದೈತಿ ಅಂತ ನೋಡತೀವಿ, ಮಗ್ಗಾನ ಬದಲಿ ಮಾಡತೀವೇನು? ನನಗರ ಹೊಳಿಬೇಕಿತ್ತು" ಎಂದರು. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಇಳಕಲ್ಲಿನ ಕೈಗಳು ಅವರವು. ಒಂದು ಕೊಂಡಿ ತಪ್ಪಿದರೆ ಏನಾಗುವುದೆಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

ಮರುದಿನ ಇಬ್ಬರೂ ಆ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ಕು ಬಗ್ಗಿ ಬೋಲ್ಟು ನೋಡಿ, ಮೀಟರು ತಾನೇ ಹಿಡಿದು ಎರಡು ಸಲ ಅಳೆದು, "ಹೌದಲಾ" ಎಂದ. ಬಿಚ್ಚಿಟ್ಟ ನಮ್ಮ ಹಳೆಯ ರೆಗ್ಯುಲೇಟರನ್ನು ಮರಳಿ ಕೇಳಿದೆವು. ಮೈಸೂರಿನಿಂದ ಗಾಡಿಯ ಜೊತೆಗೇ ಬಂದಿದ್ದ ಅದು ಆಗಲೇ ಗುಜರಿಗೆ ಹೋಗಿತ್ತು.